ಮಾಯಮ್ಮನ ಕೈತುತ್ತು

ಹೊಟ್ಟೆಕಿಚ್ಚು ಎಲ್ಲರಿಗೂ ಇರುತ್ತದೆ, ಬುದ್ಧಿವಂತರು ಮುಚ್ಚಿಟ್ಟುಕೊಳ್ಳುತ್ತಾರೆ. ಚಿಕ್ಕರಸಿನಕೆರೆಯ ಮಾಯಮ್ಮನಿಗೆ ಆ ವಿದ್ಯೆ ಒಲಿದಿರಲಿಲ್ಲ. ಅವಳ ಹೊಟ್ಟೆ ಉರಿಯಿತೆಂದರೆ ಪಾತ್ರೆ ಕುಕ್ಕುವ ಸದ್ದು ಬೀದಿಯ ಆ ತುದಿಗೆ ಕೇಳುತ್ತಿತ್ತು. ಹೋದ ಬೇಸಿಗೆ ರಜೆಯಲ್ಲಿ ಹತ್ತು ದಿನ ಆ ಸದ್ದು ನಿಲ್ಲಲೇ ಇಲ್ಲ. ಆ ಹತ್ತು ದಿನ ಅವಳ ಮೊಮ್ಮಗಳು ತೇಜು ಹೊಳಲಿನಲ್ಲಿದ್ದಳು. ಹೊಳಲಿನಲ್ಲಿರುವುದು ಬೀಗಿತ್ತಿ ದೇವಿರಮ್ಮ, ಅಂದರೆ ಸೊಸೆ ದೀಪಿಕಳ ಹೆತ್ತ ತಾಯಿ.

ಈ ಉರಿ ನೆನ್ನೆ ಮೊನ್ನೆಯದಲ್ಲ. ಮಾಯಮ್ಮ ಮಳವಳ್ಳಿ ಕಡೆಯ ಹುಡುಗಿ. ಹತ್ತೊಂಬತ್ತು ತುಂಬುವ ಮೊದಲೇ ಪುಟ್ಟಸ್ವಾಮಿಯ ಕೈಹಿಡಿದು ಇಲ್ಲಿಗೆ ಬಂದಳು. ಮರುವರ್ಷ ಮಗ ರಘುನಂದನ್ ಹುಟ್ಟಿದ. ಬಾಣಂತನ ಮುಗಿಯುತ್ತಿದ್ದಂತೆ ಅತ್ತೆ ಮಗುವನ್ನು ತನ್ನ ಮಡಿಲಿಗೆ ಹಾಕಿಕೊಂಡು, ಸೊಸೆಯ ಕೈಗೆ ಕುಡುಗೋಲು ಕೊಟ್ಟಳು. ನಾಟಿ, ಕಳೆ, ಕಬ್ಬಿನ ಸೋಗೆ, ಎಮ್ಮೆಗೆ ಹುಲ್ಲು. ಗದ್ದೆಯಿಂದ ಬರುವ ಹೊತ್ತಿಗೆ ಮಗು ಉಂಡು ಮಲಗಿರುತ್ತಿತ್ತು. ಹುಡುಗ ಅಜ್ಜಿಯನ್ನು ಅವ್ವ ಎಂದ. ಹೆತ್ತವಳನ್ನು, ಮನೆಯ ಉಳಿದವರು ಕರೆಯುವುದನ್ನು ಕೇಳಿ, ಮಾಯಿ ಎಂದ. ಒಂದು ದಿನ ಮಾಯಮ್ಮ ಆಸೆಪಟ್ಟು ಒಂದು ತುತ್ತು ಕಲಸಿ ಅವನ ಬಾಯಿಗೆ ಒಡ್ಡಿದಳು. ಹುಡುಗ ಮುಖ ತಿರುಗಿಸಿ ಅಜ್ಜಿಯ ಸೆರಗು ಹಿಡಿದ. ಅತ್ತೆ ನಕ್ಕಳು. ಆ ನಗು ಮಾಯಮ್ಮನ ಎದೆಯಲ್ಲಿ ಮೂವತ್ತೈದು ವರ್ಷದಿಂದ ಕೂತಿತ್ತು. ಅತ್ತೆ ಸತ್ತಾಗ ಅವಳು ಅತ್ತದ್ದು ನಿಜ, ಆದರೆ ಅರ್ಧ ಅಳು ಆ ಸೇಡು ತೀರಲಿಲ್ಲವಲ್ಲ ಎಂಬುದಕ್ಕೇ ಇತ್ತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಮಾಯಮ್ಮನ ಕಾಲ ತೇಜು ಹುಟ್ಟಿದಾಗ ಬಂತು. ರಘುನಂದನ್ ಮದ್ದೂರಿನಲ್ಲಿ ಒಂದು ಆಫೀಸಿನ ಗುಮಾಸ್ತ, ದೀಪಿಕ ಅಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಒಂದೇ ಬೈಕಿನಲ್ಲಿ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಗು ಪೂರ್ತಿ ಮಾಯಮ್ಮನದು. ಇನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ ಎಂದುಕೊಂಡಳು.

ಆದರೆ ಮಗು ಬಾಯಿ ತೆಗೆಯಬೇಕಲ್ಲ. ಒಂದೂವರೆ ವರ್ಷದ ಕೂಸು ತುಟಿ ಬಿಗಿಹಿಡಿದು ಕೂತರೆ ಬ್ರಹ್ಮ ಬಂದರೂ ಬಿಡಿಸುವಂತಿರಲಿಲ್ಲ. ಕಾಗೆ ತೋರಿಸಿದಳು, ಗುಮ್ಮನನ್ನು ಕರೆದಳು. ಕೊನೆಗೆ ರಘುನಂದನ್ ತನ್ನ ಫೋನನ್ನು ಚೊಂಬಿಗೆ ಒರಗಿಸಿಟ್ಟು ಕುಣಿಯುವ ಆನೆಯ ಹಾಡು ಹಾಕಿದ. ಕೂಸಿನ ಬಾಯಿ ತಾನಾಗಿ ತೆರೆದುಕೊಂಡಿತು. ಬಟ್ಟಲು ಖಾಲಿಯಾಯಿತು. ಅವತ್ತು ಮಾಯಮ್ಮನಿಗೆ ಮನೆದೇವರೇ ಕಣ್ಣುಬಿಟ್ಟ ಹಾಗಾಯಿತು. ಮಗ ಹೊಸ ಫೋನು ಕೊಂಡಾಗ ಹಳೆಯದನ್ನು ಕೇಳಿ ಪಡೆದಳು. ಅಕ್ಷರ ಬಾರದವಳು ಯಾವ ಬಣ್ಣದ ಚೌಕ ಒತ್ತಿದರೆ ಆನೆ ಬರುತ್ತದೆ, ಯಾವುದಕ್ಕೆ ಕೋತಿ ಬರುತ್ತದೆ ಎಂದು ವಾರದಲ್ಲಿ ಕಲಿತಳು.

ಹಾಗೇ ತೇಜುಗೆ ಆರು ವರ್ಷ ತುಂಬಿತು. ಮಂಡ್ಯ ಸೀಮೆಯಲ್ಲಿ ಆರು ವರ್ಷದ ಮಕ್ಕಳು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ಗುಳುಂ ಅಂತ ನುಂಗುತ್ತವೆ. ಯಾರೂ ಕೂರಿಸಿಕೊಂಡು ಕಲಿಸುವ ವಿದ್ಯೆಯಲ್ಲ ಅದು. ತೇಜುಗೆ ಮುದ್ದೆ ಮುರಿಯುವುದೇ ಗೊತ್ತಿರಲಿಲ್ಲ. ಮಾಯಮ್ಮ ಮುದ್ದೆಯನ್ನು ಸಾರಲ್ಲಿ ಕಿವುಚಿ, ಗಂಜಿ ಮಾಡಿ, ಸಣ್ಣ ಸಣ್ಣ ತುತ್ತು ಮಾಡಿ ಇಡುತ್ತಿದ್ದಳು. ಚಪ್ಪಲಿ ಹಾಕುವುದು ಅಜ್ಜಿ, ಗುಂಡಿ ಹಾಕುವುದು ಅಜ್ಜಿ, ಮೂಗು ಒರೆಸುವುದು ಅಜ್ಜಿ. ಬೀದಿಗೆ ಬಿಡುವ ಮಾತೇ ಇಲ್ಲ. ಬೀದಿಯಲ್ಲಿ ಬೈಕು, ಆಚೆ ನಾಲೆ, ಅದರಾಚೆ ನಾಯಿ. ಎದುರುಮನೆಯ ಪ್ರೀತಂ ಬಂದು ಆಟಕ್ಕೆ ಕರೆದರೆ, "ನಮ್ ಮಗ ಮಲ್ಗದೆ, ಓಗ್ಲಾ" ಎಂದು ಬಾಗಿಲಲ್ಲೇ ಓಡಿಸುತ್ತಿದ್ದಳು. ತೇಜು ಮಲಗಿರುತ್ತಿರಲಿಲ್ಲ. ಮಡಿಲಲ್ಲಿ ಫೋನು ಹಿಡಿದು ಕೂತಿರುತ್ತಿದ್ದಳು.

ಒಂದನೇ ಕ್ಲಾಸಿಗೆ ಹೋದ ಮೇಲೆ ಊಟದ ಡಬ್ಬಿ ದಿನಾ ತುಂಬಿದ್ದು ತುಂಬಿದಂತೆ ವಾಪಸ್ ಬರತೊಡಗಿತು. ರಂಜಿತ ಮಿಸ್ಸು ದೀಪಿಕಳನ್ನು ಕರೆಸಿ ಮುಲಾಜಿಲ್ಲದೆ ಹೇಳಿದಳು. "ಡಬ್ಬಿ ತೆಗೆದು ಕೊಟ್ರೆ ಎದುರಿಗೆ ಇಟ್ಕೊಂಡು ಕೂತಿರ್ತಾಳೆ. ಯಾರಾದ್ರೂ ತಿನ್ನಿಸ್ಲಿ ಅಂತ. ಬೇರೆ ಮಕ್ಕಳು ಆಟಕ್ಕೆ ಓಡಿದ್ರೆ ಇವ್ಳು ಗೋಡೆ ಹಿಡ್ಕೊಂಡು ನಿಂತಿರ್ತಾಳೆ. ಫೋನ್ ಬಿಡಿಸಿ, ಹೊರಗಡೆ ಬಿಡಿ. ಬಿದ್ದೆದ್ದು ಕಲೀಲಿ."

ದೀಪಿಕ ಹೆಚ್ಚು ಮಾತಿನವಳಲ್ಲ. ರಜೆ ಶುರುವಾದ ದಿನ ಮಗಳ ಬಟ್ಟೆ ಬ್ಯಾಗಿಗೆ ತುಂಬಿ, "ಅತ್ತೆ, ಮೂರು ವಾರ ಅಮ್ಮನ ಮನೇಲಿ ಇರ್ಲಿ" ಎಂದಳು. ಕೇಳಿದ್ದಲ್ಲ, ಹೇಳಿದ್ದು. ಮಾಯಮ್ಮ ಗಂಡನ ಮುಖ ನೋಡಿದಳು. ಪುಟ್ಟಸ್ವಾಮಿ ಎಲೆಗೆ ಸುಣ್ಣ ಸವರುವುದರಲ್ಲಿ ಮಗ್ನನಾಗಿದ್ದ. ಅವಳು ಒಳಗೆ ಹೋಗಿ, ಫೋನು ಮತ್ತು ಚಾರ್ಜರನ್ನು ಮಗುವಿನ ಲಂಗದಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ತುರುಕಿದಳು. ಅಲ್ಲೂ ಮಗು ಉಪವಾಸ ಬೀಳಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ನಿಜ ಬೇರೆ ಇತ್ತು. ಆ ಫೋನು ತನ್ನದು. ಅದು ಹೋದಲ್ಲಿ ತಾನು ಹೋದಂತೆ ಎಂಬ ಲೆಕ್ಕ ಅವಳದು.

ಮೂರನೆಯ ದಿನ ತಡೆಯಲಾರದೆ ಪುಟ್ಟಸ್ವಾಮಿಯ ಕೈಲಿ ಆ ಫೋನಿಗೆ ಕರೆ ಮಾಡಿಸಿದಳು. ಯಾರೂ ಎತ್ತಲಿಲ್ಲ. ದೇವಿರಮ್ಮನಿಗೆ ಮಾಡಿಸಿ, ಆ ಫೋನು ಏನಾಯಿತೆಂದು ಕೇಳಿದಳು.

"ಅದಾ ಅಕ್ಕ, ರಾಗಿ ಡ್ರಮ್ಮಲ್ಲಿ ಆಕಿವ್ನಿ ಕಣಕ್ಕ" ಎಂದಳು ದೇವಿರಮ್ಮ ತಣ್ಣಗೆ. "ಅದ್ನ ಕಂಡ್ರೆ ಮಗ ಜಗ್ಲಿ ಬುಟ್ಟು ಏಳಾಕಿಲ್ಲ. ಒಂದಿನ ಅತ್ತು ಕರ್ದು ಮಾಡ್ತು. ಈಗ ಸರೋಗದೆ."

"ಊಟ ಮಾಡ್ತದಾ?"

"ಮಾಡ್ದೆ ಎಲ್ಗೋದದು? ಈಗ ಪಕ್ಕದ್ಮನೆ ಐಕ್ಳ ಜೊತೆ ಆಡಕ್ಕೋಗದೆ. ಬಂದ್ಮೇಲೆ ಮಾತಾಡಿಸ್ತೀನಿ ಬುಡಿ."

ಬಂದ ಮೇಲೆ ಮಾತಾಡಿಸಲಿಲ್ಲ. ಮರೆತಳೋ ಏನೋ. ಮರೆತದ್ದಲ್ಲ, ಬೇಕೆಂದೇ ಎಂದು ಮಾಯಮ್ಮ ತೀರ್ಮಾನಿಸಿದಳು. ಅವತ್ತು ಒಂದು ಹಿತ್ತಾಳೆ ತಪ್ಪಲೆ ಸೊಟ್ಟಗಾಯಿತು.

ಎಂಟನೆಯ ದಿನ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ ಒಂದು ವಿಡಿಯೋ ಬಂತು. ದೀಪಿಕಳ ತಮ್ಮ ಪುನೀತ್ ಕಳಿಸಿದ್ದು. ತೇಜು ಒಂದು ಸಣ್ಣ ಸ್ಟೀಲ್ ಕ್ಯಾನು ಹಿಡಿದು, ಕರೆದ ಹಾಲನ್ನು ಡೇರಿಗೆ ಹಾಕಲು ಹೊರಟಿದ್ದಾಳೆ. ಮುಂದೆ ನಾಲ್ಕು ಮಕ್ಕಳು, ಹಿಂದೆ ಇವಳು. ಕ್ಯಾನು ಮೊಣಕಾಲಿಗೆ ಬಡಿಯುತ್ತಿದೆ. ಆದರೂ ಇನ್ನೊಬ್ಬರ ಕೈಗೆ ಕೊಡುತ್ತಿಲ್ಲ. ದೀಪಿಕ ಅದನ್ನು ನಾಲ್ಕು ಸಲ ನೋಡಿದಳು. ರಘುನಂದನ್ ನಕ್ಕ. ಪುಟ್ಟಸ್ವಾಮಿಯೂ ಕನ್ನಡಕ ಹಾಕಿಕೊಂಡು ಬಂದು ನೋಡಿ, "ಪರ್ವಾಗಿಲ್ವೆ ನಮ್ಮವ್ಳು" ಎಂದ.

"ಕರ್ರಗಾಗದೆ ಮಗ. ಸವ್ದೋಗದೆ" ಎಂದಳು ಮಾಯಮ್ಮ. ಮಗು ಸವೆದಿರಲಿಲ್ಲ, ಕೆನ್ನೆ ತುಂಬಿತ್ತು. ಅದು ಅವಳಿಗೂ ಕಂಡಿತ್ತು. ಕಂಡದ್ದಕ್ಕೇ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು. ಇಷ್ಟು ವರ್ಷ ಎಣ್ಣೆ ಹಚ್ಚಿ ಎರೆದು, ಬಿಸಿಲು ತಾಕದಂತೆ ಸಾಕಿದ್ದು ತಾನು. ಎಂಟು ದಿನಕ್ಕೆ ಹೆಸರು ಅವಳಿಗೆ.

ಅವತ್ತೇ ಸಂಜೆ ಮಾಯಮ್ಮ ಮಾಡಿದ್ದನ್ನು ಚಿಕ್ಕರಸಿನಕೆರೆಯಲ್ಲಿ ಇನ್ನಾರೂ ಮಾಡಿರಲಾರರು. ಸೊಸೆಯ ಫೋನಿನಲ್ಲಿ ತೇಜುವಿನ ಫೋಟೋ ತೆರೆಸಿಕೊಂಡು, ಅದನ್ನು ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಒರಗಿಸಿಟ್ಟಳು. ಮುಷ್ಟಿಯಲ್ಲಿ ಒಣಮೆಣಸಿನಕಾಯಿ, ಕಲ್ಲುಪ್ಪು, ಸಾಸಿವೆ ಹಿಡಿದು ಮೂರು ಸುತ್ತು ನಿವಾಳಿಸಿದಳು. "ಕಂಡೋರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಒಳಲೋರ ಕಣ್ಣು" ಎಂದು ಕೊನೆಯದನ್ನು ಒತ್ತಿ ಹೇಳಿ, ಬಚ್ಚಲ ನೀರೊಲೆಗೆ ಹಾಕಿದಳು. ಮಧ್ಯದಲ್ಲಿ ಫೋನಿನ ದೀಪ ಆರಿ ಮಗುವಿನ ಮುಖ ಮಾಯವಾಯಿತು. ಮತ್ತೆ ದೀಪಿಕಳನ್ನು ಕರೆದು ಹಚ್ಚಿಸಿಕೊಂಡು ಮೊದಲಿಂದ ನಿವಾಳಿಸಬೇಕಾಯಿತು. ಒಲೆಯಿಂದ ಘಾಟು ಬರಲಿಲ್ಲ. ಘಾಟು ಬರಲಿಲ್ಲವೆಂದರೆ ದೃಷ್ಟಿ ಬಲವಾಗಿಯೇ ಬಿದ್ದಿದೆ ಎಂದರ್ಥ.

"ನೋಡ್ದಾ?" ಎಂದಳು ಗಂಡನಿಗೆ.

"ಮೆಣ್ಸಿನ್ಕಾಯ್ ಅಸಿ ಇದ್ದಾವೇನೋ" ಎಂದ ಪುಟ್ಟಸ್ವಾಮಿ.

ಹತ್ತನೆಯ ದಿನ ಬೆಳಿಗ್ಗೆ ಯಾರಿಗೂ ಹೇಳದೆ, ಒಳ್ಳೆಯ ಸೀರೆ ಉಟ್ಟು, ಮಂಡ್ಯಕ್ಕೆ ಹೋಗಿ ಬಸ್ಸು ಬದಲಿಸಿ ಹೊಳಲಿನಲ್ಲಿ ಇಳಿದಳು. ದೇವಿರಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದವಳು ಕೈ ತೊಳೆದು ಬಂದು, "ಬನ್ನಿ ಅಕ್ಕ, ಯೋಳ್ದೆ ಕೇಳ್ದೆ ಬಂದ್ರಲ್ಲ" ಎಂದು ಚಾಪೆ ಹಾಕಿದಳು. ಒಂದು ಲೋಟ ಮಜ್ಜಿಗೆ ಕೊಟ್ಟಳು. ಮಾಯಮ್ಮ ಮುಟ್ಟಲಿಲ್ಲ.

"ಮಗ ಎಲ್ಲಿ?"

"ಆಡಕ್ಕೋಗದೆ."

"ಆಡಕ್ಕೆ ಎಲ್ಗೆ?"

"ಊರೊಳಗೇ ಇರ್ತದೆ ಅಕ್ಕ. ಇವತ್ತು ಸ್ಕೂಲ್ ಅತ್ರ ಲಗೋರಿ ಅಂತಿದ್ವು ಐಕ್ಳು. ಇಲ್ಲ ಅಂದ್ರೆ ಒಂಗೆ ಮರದ್ ತಾವು."

"ಎಣ್ ಮಗ ಎಲ್ಲದೆ ಅಂತ ಗೊತ್ತಿಲ್ದಂಗೆ ಬುಟ್ಕೊಂಡ್ ಕೂತಿದ್ದೀರಲ್ಲ" ಎಂದಳು ಮಾಯಮ್ಮ. ಹೆದರಿಕೆ ಇಲ್ಲದಿರಲಿಲ್ಲ, ಆದರೆ ಹೆದರಿಕೆಗಿಂತ ಒಂದು ಸಂತೋಷವೇ ಹೆಚ್ಚಾಗಿತ್ತು. ಕೊನೆಗೂ ಬೀಗಿತ್ತಿಯ ತಪ್ಪೊಂದು ಕೈಗೆ ಸಿಕ್ಕಿತ್ತು.

ದೇವಿರಮ್ಮ ಜಗಳಕ್ಕೆ ನಿಲ್ಲಲಿಲ್ಲ. "ದೊಡ್ ಐಕ್ಳು ಜೊತೇಲವೆ. ಊರೋರ್ಗೆಲ್ಲ ಗೊತ್ತು ಇದ್ಯಾರ ಮಗ ಅಂತ. ನಾಲೆ ತಾವ್ಕೆ ಓಗ್ಬ್ಯಾಡಿ ಅಂದಿವ್ನಿ, ಓಗಾಕಿಲ್ಲ" ಎಂದು ಮುದ್ದೆಗೆ ಎಸರಿಡಲು ಒಳಗೆ ಹೋದಳು. ಎಷ್ಟು ನೆಮ್ಮದಿ ನೋಡು ಇವಳಿಗೆ ಎಂದು ಮಾಯಮ್ಮನಿಗೆ ಇನ್ನಷ್ಟು ಉರಿಯಿತು. ಆರು ವರ್ಷದಲ್ಲಿ ತನಗೆ ಒಂದು ಗಳಿಗೆ ಆ ನೆಮ್ಮದಿ ಇರಲಿಲ್ಲ.

ಮಗು ಬಂದಾಗ ಮಾಯಮ್ಮನಿಗೆ ಮೊದಲು ಗುರುತೇ ಸಿಗಲಿಲ್ಲ. ಕಾಲ ತುಂಬ ಮಣ್ಣು, ಮೊಣಕಾಲ ಮೇಲೆ ಒಣಗಿದ ಗಾಯದ ಹಕ್ಕಳೆ, ಜಡೆ ಬಿಚ್ಚಿಹೋಗಿದೆ. ಚಪ್ಪಲಿಯನ್ನು ತಾನೇ ಬಿಟ್ಟು, ತೊಟ್ಟಿಯಲ್ಲಿ ತಾನೇ ಕಾಲು ತೊಳೆದು, "ಅಜ್ಜಿ, ನೀನ್ಯಾವಾಗ ಬಂದೆ?" ಎಂದಳು. ಮಾಯಮ್ಮ ಬಾಚಿ ತಬ್ಬಿಕೊಂಡಳು. ಮಗು ತಬ್ಬಿಸಿಕೊಂಡಿತು, ಆದರೆ ಕಣ್ಣು ಅಡುಗೆಮನೆಯ ಕಡೆಗಿತ್ತು.

"ಒಳಲಜ್ಜಿ, ಊಟ ಆಯ್ತಾ?"

ದೇವಿರಮ್ಮ ಪುಟ್ಟ ತಟ್ಟೆಯಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆಯಿಟ್ಟು, ಹುರುಳಿಕಾಳಿನ ಸಾರು ಬಿಟ್ಟಳು. ತೇಜು ಚಕ್ಕಂಬಕ್ಕಲ ಹಾಕಿ ಕೂತಳು. ಬಿಸಿ ಮುದ್ದೆಯನ್ನು ಮೂರು ಬೆರಳಲ್ಲಿ ಚಿವುಟಿ, ಊದಿ, ಸಾರಲ್ಲಿ ಹೊರಳಿಸಿ, ಕತ್ತು ಸ್ವಲ್ಪ ಮುಂದೆ ಚಾಚಿ ನುಂಗಿದಳು. ನುಂಗಿ, ಇಬ್ಬರು ಅಜ್ಜಿಯರ ಮುಖವನ್ನೂ ನೋಡಿ, "ಉಪ್ಪು ಕಮ್ಮಿ ಆಗದೆ" ಎಂದಳು. ದೇವಿರಮ್ಮ ಒಂದು ಚಿಟಿಕೆ ಉಪ್ಪು ತಂದು ಉದುರಿಸಿದಳು.

ಮಾಯಮ್ಮನಿಗೆ ನೋಡಲಾಗಲಿಲ್ಲ. ಹತ್ತಿರ ಸರಿದು, ಆ ತಟ್ಟೆಯಿಂದಲೇ ಒಂದು ತುತ್ತು ಮಾಡಿ ಮಗುವಿನ ಬಾಯಿಗೆ ಹಿಡಿದಳು. "ಬಾ ಮಗ, ನಾನ್ ತಿನ್ನಿಸ್ತೀನಿ."

"ಬ್ಯಾಡ ಅಜ್ಜಿ. ನಂಗೇ ಬತ್ತದೆ."

ಮಗು ಒರಟಾಗಿ ಹೇಳಲಿಲ್ಲ. ಹೆಮ್ಮೆಯಿಂದ ಹೇಳಿತು, ಅಜ್ಜಿಗೂ ಸಂತೋಷವಾಗಲಿ ಎಂದೇ ಹೇಳಿತು. ಮಾಯಮ್ಮನಿಗೆ ಕೇಳಿಸಿದ್ದು ಮೂವತ್ತೈದು ವರ್ಷದ ಹಿಂದಿನ ಅತ್ತೆಯ ನಗು. ತುತ್ತು ಹಿಡಿದ ಕೈ ಎಲ್ಲಿಡಬೇಕೆಂದು ತಿಳಿಯದೆ ಅದನ್ನು ತಾನೇ ಬಾಯಿಗೆ ಹಾಕಿಕೊಂಡಳು. ಹಾಕಿಕೊಂಡು, ನುಂಗಿ, ಒಂದು ಸುಳ್ಳು ಹೇಳಿದಳು.

"ನಾಳೀಕೆ ಮನೆದ್ಯಾವ್ರ ಪೂಜೆ ಅದೆ. ಮಗೀನ ಕರ್ಕೊಂಡ್ ಓಯ್ತೀನಿ."

ದೇವಿರಮ್ಮ ನಂಬಿದಳೋ ಇಲ್ಲವೋ. ಪೂಜೆಯ ಮಾತಿಗೆ ಎದುರಾಡುವ ಹಾಗಿಲ್ಲ. ಮಗುವಿನ ತಲೆ ಬಾಚಿ, ಬಟ್ಟೆ ಮಡಿಸಿ, ಕೊನೆಯಲ್ಲಿ ರಾಗಿ ಡ್ರಮ್ಮಿಗೆ ಮೊಣಕೈವರೆಗೆ ಕೈಹಾಕಿ ಫೋನು ತೆಗೆದು, ಸೆರಗಲ್ಲಿ ಒರೆಸಿ ಕೊಟ್ಟಳು. "ತಗೊಳಿ ಅಕ್ಕ, ನಿಮ್ದು" ಎಂದಳು. ಬಸ್ಸಿನಲ್ಲಿ ತೇಜು ಲಗೋರಿಯ ಕತೆ ಹೇಳುತ್ತಲೇ ಇದ್ದಳು. ಯಾರು ಮೋಸ ಮಾಡಿದರು, ಯಾರ ಬೆನ್ನಿಗೆ ಚೆಂಡು ಬಿತ್ತು, ನಾಳೆ ತಾನು ಯಾರ ಕಡೆ. ನಾಳೆ ತಾನು ಅಲ್ಲಿರುವುದಿಲ್ಲ ಎಂಬುದು ಅವಳಿಗೆ ಇನ್ನೂ ಹೊಳೆದಿರಲಿಲ್ಲ. ಮಾಯಮ್ಮ ಹೂಂಗುಟ್ಟುತ್ತ ಬ್ಯಾಗನ್ನು ಅವುಚಿಕೊಂಡು ಕೂತಿದ್ದಳು.

ಸಂಜೆ ದೀಪಿಕ ಬಂದು, ಮಗಳನ್ನು ನೋಡಿ, ಅತ್ತೆಯ ಮುಖ ನೋಡಿ, ಬ್ಯಾಗು ಬಿಚ್ಚಿ ಮಗಳ ಬಟ್ಟೆ ತೆಗೆದಿಟ್ಟಳು. ಬೈದಿದ್ದರೆ ಮಾಯಮ್ಮನಿಗೆ ಸುಲಭವಾಗುತ್ತಿತ್ತು.

ಮಾರನೆಯ ದಿನ ಮನೆಯಲ್ಲಿ ಯಾವ ದೇವರಿಗೂ ಪೂಜೆ ಆಗಲಿಲ್ಲ. ಮಗ ಸೊಸೆ ಕೆಲಸಕ್ಕೆ, ಪುಟ್ಟಸ್ವಾಮಿ ಗದ್ದೆಗೆ ಹೋದ ಮೇಲೆ ತೇಜು ಬಾಗಿಲಿಗೆ ಬಂದು ಬೀದಿ ನೋಡಿದಳು. ಎದುರುಮನೆಯ ಜಗಲಿ ಮುಂದೆ ಪ್ರೀತಂ ಮತ್ತು ಇನ್ನೆರಡು ಮಕ್ಕಳು ಕುಂಟೆಬಿಲ್ಲೆಯ ಮನೆ ಗೀಚುತ್ತಿದ್ದರು.

"ಅಜ್ಜಿ, ಓಗ್ಲಾ?"

"ಬಿಸ್ಲು ಮಗ." ಮಾಯಮ್ಮ ಅಗುಳಿ ಹಾಕಿದಳು. "ಊಟ ಮಾಡ್ಬುಟ್ಟು ಓಗುವಂತೆ. ಇಲ್ ನೋಡು, ಆನೆ ಬಂದದೆ."

ಫೋನು ಚೊಂಬಿಗೆ ಒರಗಿತು. ತೇಜು ಮೊದಲು ನಿಂತೇ ನೋಡಿದಳು. ಆಮೇಲೆ ಕೂತಳು. ಆಮೇಲೆ, ಹೊರಗೆ ಮಕ್ಕಳ ಕೂಗು ಕೇಳುತ್ತಿದ್ದರೂ, ಹಿಂದಕ್ಕೆ ಸರಿದು ಸರಿದು ಅಜ್ಜಿಯ ಮಡಿಲಿಗೆ ಬಂದಳು. ಮಾಯಮ್ಮ ಮುದ್ದೆ ಕಿವುಚಿದಳು. ತುತ್ತು ಹಿಡಿದಳು. ಬಾಯಿ ತೆರೆಯಿತು. ಇನ್ನೊಂದು, ಮತ್ತೊಂದು. ನಿನ್ನೆ ಬೇಡ ಎಂದ ಬಾಯಿ ಇವತ್ತು ಒಂದೂ ಬಿಡದೆ ತೆಗೆದುಕೊಂಡಿತು. ಮಾಯಮ್ಮನ ಎದೆ ಉಬ್ಬಿತು. ದೇವಿರಮ್ಮ ಈಗ ಬಂದು ನೋಡಬೇಕಿತ್ತು. ಅತ್ತೆಯೂ ಗೋರಿಯಿಂದ ಎದ್ದು ಬಂದು ನೋಡಬೇಕಿತ್ತು.

ಬಟ್ಟಲು ಖಾಲಿಯಾದ ಮೇಲೆ, ಗೆದ್ದ ಹಸಿವಿನಲ್ಲಿ, ತನಗೂ ಒಂದು ಮುದ್ದೆ ಇಟ್ಟುಕೊಂಡು ಅದೇ ಸಾರು ಬಿಟ್ಟುಕೊಂಡಳು. ಮೊದಲ ತುತ್ತು ನಾಲಿಗೆಗೆ ತಾಗುತ್ತಲೇ ನಿಂತಳು. ಸಾರಿಗೆ ಉಪ್ಪೇ ಹಾಕಿರಲಿಲ್ಲ. ಬೆಳಗಿನಿಂದ ಬೀಗಿತ್ತಿಯನ್ನು ಬೈದುಕೊಳ್ಳುವುದರಲ್ಲಿ ಮರೆತಿದ್ದಳು. ಬಾಯಿಗಿಡಲಾಗದಂತಿದ್ದ ಸಪ್ಪೆ ನೀರು ಅದು. ಅದನ್ನು ಮಗು ಒಂದು ಬಟ್ಟಲು ತಿಂದಿತ್ತು, ಒಂದು ಮಾತಿಲ್ಲದೆ.

ಮಾಯಮ್ಮ ಮಗುವಿನ ಕಡೆ ತಿರುಗಿದಳು. "ತೇಜು" ಎಂದಳು.

ತೇಜು ತಿರುಗಲಿಲ್ಲ. ಕಣ್ಣು ಫೋನಿನ ಮೇಲೆಯೇ ಇತ್ತು. ದನಿ ಕೇಳಿ ಬಾಯಿ ಮಾತ್ರ ತೆರೆಯಿತು.

ಆ ತೆರೆದ ಬಾಯನ್ನು ಮಾಯಮ್ಮ ಎಷ್ಟು ಹೊತ್ತು ನೋಡಿದಳೋ. ತುತ್ತು ಬರದಿದ್ದಾಗ ಅದು ತಾನಾಗಿ ಮುಚ್ಚಿಕೊಂಡಿತು. ಆರು ವರ್ಷ ತಾನು ಉಣಿಸಿದ್ದು ಇದಕ್ಕೆ. ಉಣಿಸಿದ ಕೈ ಯಾರದೆಂದು ಈ ಬಾಯಿಗೆ ಗೊತ್ತಿಲ್ಲ, ಉಪ್ಪಿದೆಯೋ ಇಲ್ಲವೋ ಎಂದೂ ಗೊತ್ತಿಲ್ಲ. ಮೊದಲು ಅತ್ತೆ, ಆಮೇಲೆ ಬೀಗಿತ್ತಿ, ಹೀಗೆ ಹೆಣ್ಣು ಹೆಣ್ಣಿನ ಮೇಲೇ ಹೊಟ್ಟೆ ಉರಿಸಿಕೊಂಡು ಬಂದಳಲ್ಲ, ಮಗುವನ್ನು ಕಿತ್ತುಕೊಂಡದ್ದು ಅಂಗೈಯಗಲದ ಒಂದು ಗಾಜು. ಅದನ್ನು ಕೇಳಿ ಪಡೆದವಳೂ ತಾನೇ, ಚೊಂಬಿಗೆ ಒರಗಿಸಿದವಳೂ ತಾನೇ. ಮಾಯಮ್ಮನಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಹಳೆಯ ಉರಿಯೂ ಎದ್ದಿತು, ಈ ಸಲ ಆ ಆನೆಯ ಮೇಲೆ.

ಫೋನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ತೇಜು ಕಿರುಚಿದಳು, ನೆಲಕ್ಕೆ ಬಿದ್ದು ಹೊರಳಿದಳು, ಎತ್ತಲು ಬಂದ ಕೈಯನ್ನು ಕಚ್ಚಿದಳು. ಬೇರೆ ದಿನವಾಗಿದ್ದರೆ ಮಾಯಮ್ಮ ಬೀಗ ತೆಗೆಯುತ್ತಿದ್ದಳು. ಇವತ್ತು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿ, ಗೋಡೆಗೆ ಒರಗಿ ಕೂತು, ಕಚ್ಚಿದ ಜಾಗ ಸವರಿಕೊಳ್ಳುತ್ತ ಅಳು ಮುಗಿಯುವವರೆಗೆ ಕಾದಳು. ಬಹಳ ಹೊತ್ತು ಕಾಯಬೇಕಾಯಿತು. ಆಮೇಲೆ ಎದ್ದು ಅಗುಳಿ ತೆಗೆದಳು.

"ಓಗು ಮಗ. ಆಡ್ಕೋ ಓಗು."

ಮಗು ಬಿಕ್ಕುತ್ತ ಹೊಸ್ತಿಲ ಮೇಲೆ ನಿಂತಿತು. ಪ್ರೀತಂ ಕುಂಟುವುದನ್ನು ನಿಲ್ಲಿಸಿ, "ಬಾಮ್ಮಿ, ಒಬ್ರು ಕಮ್ಮಿ ಅವ್ರೆ" ಎಂದ. ತೇಜು ಮೂಗು ಲಂಗಕ್ಕೆ ಒರೆಸಿಕೊಂಡು ಇಳಿದುಹೋದಳು. ಮಾಯಮ್ಮ ಬಾಗಿಲಲ್ಲೇ ಕೂತಳು. ಒಂದು ಬೈಕು ಹೋದಾಗ ಎದ್ದು ನಿಂತಳು, ಮತ್ತೆ ಕೂತಳು. ಮಗು ಒಮ್ಮೆ ಬಿತ್ತು, ಎದ್ದಿತು, ನಕ್ಕಿತು. ಆ ನಗು ಪ್ರೀತಂನನ್ನು ನೋಡಿ ನಕ್ಕದ್ದು. ಮಾಯಮ್ಮನಿಗೆ ಆ ಹುಡುಗನ ಮೇಲೂ ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳುವುದು, ಚೆನ್ನಾಗಿಯೇ ಉರಿಯಿತು. ಆದರೆ ಕೂಗಿ ಕರೆಯಲಿಲ್ಲ. ಒಳಗೆ ಹೋಗಿ ಸಾರನ್ನು ಚೆಲ್ಲಿ ಹೊಸದಾಗಿ ಒಗ್ಗರಣೆ ಹಾಕಿದಳು.

ಹೊತ್ತು ಮುಳುಗುವ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನೆರಳು ಬಿತ್ತು. ಮಣ್ಣು ಮೆತ್ತಿದ ಕಾಲು, ಬೆವೆತ ಕತ್ತು. ಮುಖದಲ್ಲಿ ಮಧ್ಯಾಹ್ನದ ಕೋಪ ಇನ್ನೂ ಸ್ವಲ್ಪ ಉಳಿದಿತ್ತು.

"ಅಜ್ಜಿ, ನಂಗೆ ಒಟ್ಟೆ ಅಸೀತದೆ."

ಮಾಯಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಇನ್ನೊಂದು ಸಲ ಹೇಳಲಿ ಎಂದು ಕೇಳಿಸದವಳಂತೆ ನಟಿಸಿದಳು. ಮಗು ಇನ್ನೊಂದು ಸಲ ಹೇಳಿತು, ಸ್ವಲ್ಪ ಜೋರಾಗಿ. ಆರು ವರ್ಷದಲ್ಲಿ ಲೆಕ್ಕವಿಲ್ಲದಷ್ಟು ತುತ್ತು ಇಟ್ಟಿದ್ದಳು, ಹಸಿವು ಎಂಬ ಮಾತನ್ನು ಆ ಬಾಯಿಂದ ಒಂದು ದಿನವೂ ಕೇಳಿರಲಿಲ್ಲ. ಹಸಿಯುವ ಮೊದಲೇ ತುಂಬಿಸಿಬಿಡುತ್ತಿದ್ದಳು.

ತಟ್ಟೆ ಹಾಕಿ, ಪುಟ್ಟ ಮುದ್ದೆ ಕಟ್ಟಿ ಇಟ್ಟಳು. ತುತ್ತು ಮಾಡಲು ಬಲಗೈ ತಾನಾಗಿ ಮುಂದೆ ಹೋಯಿತು. ಮಾಯಮ್ಮ ಅದನ್ನು ಎಡಗೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡು ಕೂತಳು.